ಬಾಲಕರ ನಾಲಗೆಯ ರುಚಿಯೂ ಇಂಗ್ಲಿಷ್ ಪಾಠವೂ

೧೮೮೮ನೆಯ ಇಸವಿಯ ಸೆಪ್ಟೆಂಬರ ತಿಂಗಳಲ್ಲಿ ಮುಂಬಯಿಯಿಂದ ವಿಲಾಯತಿಗೆ ಹೊರಟ ಹಡಗಿನಲ್ಲಿ ಹದಿನೆಂಟು ವರುಷದ ಗುಜರಾತೀ ತರುಣನೊಬ್ಬನಿದ್ದನು. ಅವನು ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದ್ದನು. ಭೂಮಿತಿ, ಬೀಜಗಣಿತ, ಇತಿಹಾಸಗಳನ್ನು ಇಂಗ್ಲಿಷಿನಲ್ಲಿಯೇ ಓದಿ ಒಪ್ಪಿಸಿದ್ದನು. ಮಾಂಸವನ್ನು ಮುಟ್ಟೆನೆಂದು ತಾಯಿಗೆ ಮಾತು ಕೊಟ್ಟು ಬಂದಿದ್ದನು. ಆದರೆ ಹಡಗಿನ ಊಟದ ಮೇಜಿಗೆ ಬರುವ ಪದಾರ್ಥಗಳಲ್ಲಿ ಮಾಂಸವಿಲ್ಲದ್ದು ಯಾವದೆಂದು ಕೇಳುವ ಧೈರ್ಯ ಅವನಿಗೆ ಬರಲಿಲ್ಲ. ಆದುದರಿಂದ ಮೇಜಿಗೆ ಹೋಗುವದನ್ನೇ ಬಿಟ್ಟು, ತನ್ನ ಕೋಣೆಯಲ್ಲಿ ಕುಳಿತು, ಊರಿನಿಂದ ಕಟ್ಟಿಕೊಂಡು ಬಂದ ಸಿಹಿತಿಂಡಿ ಹಣ್ಣುಗಳಿಂದ ಹೊಟ್ಟೆ ಹೊರೆದನು. ಲಂಡನ್ನಿಗೆ ಹೋದ ಮೇಲೆಯೂ ಎರಡು ಮೂರು ತುಂಡು ರೊಟ್ಟಿಗಿಂತ ಹೆಚ್ಚು ಕೇಳಲು ನಾಚಿ ಅರೆಹೊಟ್ಟೆಯಲ್ಲಿ ಏಳುತ್ತಿದ್ದನು. ಆ ತರುಣನೇ ಮೋಹನದಾಸ ಕರಮಚಂದ ಗಾಂಧಿ. ಇದನ್ನೆಲ್ಲ ಮಹಾತ್ಮರು ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ.

ಹಲವು ವರುಷ ಇಂಗ್ಲಿಷ್ ಕಲಿತ ಬುದ್ಧಿವಂತ ಹುಡುಗನೊಬ್ಬನು ತನಗೆ ಯಾವ ಅನ್ನ ಬೇಕು, ಯಾವದು ಬೇಡ ಎಂಬಷ್ಟನ್ನು ಆ ಭಾಷೆಯಲ್ಲಿ ಹೇಳಲಾರದೆ ಹೋದನಲ್ಲ, ಇದು ಯಾರ ದೋಷ? ಹುಡುಗನದಲ್ಲ. ಅವನಿಗೆ ಕಲಿಸಿದ ಇಂಗ್ಲಿಷು ಪರೀಕ್ಷೆಯ ಇಂಗ್ಲಿಷು. ಅವನ ಹೊಟ್ಟೆಗೂ ನಾಲಗೆಗೂ ಮನಸ್ಸಿಗೂ ಸಂಬಂಧವಿಲ್ಲದ ಇಂಗ್ಲಿಷು. ಅನ್ಯರು ಬರೆದ ವಾಕ್ಯಗಳನ್ನು ಒಪ್ಪಿಸುವದು ಅವನಿಗೆ ಬರುತ್ತಿತ್ತು. ತನ್ನ ವಾಕ್ಯವನ್ನು ಹೇಳುವದು ಬರುತ್ತಿರಲಿಲ್ಲ. ಆ ಮಾತಿಗೆ ಇಂದಿಗೆ ಒಂದು ನೂರು ಮೂವತ್ತು ವರುಷಗಳ ಮೇಲಾಯಿತು. ನಮ್ಮ ಪಾಠಶಾಲೆಗಳಲ್ಲಿ ಈ ರೋಗ ವಾಸಿಯಾಗಿದೆಯೇ ಎಂಬದನ್ನು ವಾಚಕರು ನಮ್ಮೊಡನೆ ಸ್ವಲ್ಪ ವಿಚಾರಿಸಬೇಕೆಂದು ಪ್ರಾರ್ಥಿಸುತ್ತೇವೆ.

ಕರ್ನಾಟಕದ ಸರಕಾರಿ ಶಾಲೆಗಳಲ್ಲಿ ೨೦೦೭ನೆಯ ಇಸವಿಯಿಂದ ಒಂದನೆಯ ಇಯತ್ತೆಯಲ್ಲಿಯೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುವದು ಆರಂಭವಾಯಿತು. ೨೦೧೪ನೆಯ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರಾಥಮಿಕ ಶಿಕ್ಷಣದಲ್ಲಿ ಮಾತೃಭಾಷೆಯನ್ನೇ ಮಾಧ್ಯಮವನ್ನಾಗಿ ಮಾಡಬೇಕೆಂದು ಸರಕಾರವು ಬಲಾತ್ಕರಿಸಲಾಗದೆಂದು ತೀರ್ಪಿತ್ತಿತು. ೨೦೧೯ರಲ್ಲಿ ಸರಕಾರವು ತಾನೇ ಒಂದು ಸಾವಿರ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯಲು ಹೊರಟಿತು. ಮಾಧ್ಯಮದ ವಾದವನ್ನು ಈ ದಿವಸ ನಾವು ಮತ್ತೆ ಎತ್ತುವದಿಲ್ಲ. ಆ ವಿಷಯದಲ್ಲಿ ನಮ್ಮ ಅಭಿಪ್ರಾಯವು ಎಲ್ಲರಿಗೂ ತಿಳಿದದ್ದೇ ಆಗಿದೆ. ಇಂಗ್ಲಿಷನ್ನು ನಾವು ದ್ವೇಷಿಸುವದಿಲ್ಲ. ಅದು ಬಂದೇ ಬಂದಿದೆ. ರೈತನ ಮಗುವೂ ನೇಕಾರನ ಮಗುವೂ ಅದನ್ನು ಕಲಿಯಲೆಂದೇ ತಾಯಿತಂದೆಗಳು ಹಂಬಲಿಸುತ್ತಿದ್ದಾರೆ. ಕಲಿಸುವದಾದರೆ ಚೆನ್ನಾಗಿ ಕಲಿಸಬೇಕು, ಸತ್ಯವಾಗಿ ಕಲಿಸಬೇಕು ಎಂಬದಿಷ್ಟೇ ಇಂದಿನ ನಮ್ಮ ಮಾತು. ಅದಕ್ಕಾಗಿ ಅತ್ಯಂತ ಚಿಕ್ಕದಾದ ಪಾಠವೊಂದನ್ನು ಆಯ್ದುಕೊಂಡಿದ್ದೇವೆ. ಅದು ತಿಂಡಿತಿನಿಸುಗಳ ಪಾಠ. 'ಐ ಲೈಕ್', 'ಐ ಡೋಂಟ್ ಲೈಕ್' ಎಂಬ ಎರಡು ವಾಕ್ಯಗಳ ಪಾಠ.

ಈ ಪಾಠವು ಸಾಮಾನ್ಯವಾಗಿ ನಡೆಯುವ ರೀತಿಯನ್ನು ನೋಡಿರಿ. ಪುಸ್ತಕದಲ್ಲಿ ಬಣ್ಣಬಣ್ಣದ ಚಿತ್ರಗಳಿರುತ್ತವೆ: ಸೇಬು, ಪಿಜ್ಜಾ, ಬರ್ಗರ್, ಕೇಕು, ಐಸ್‌ಕ್ರೀಮು. ಮಾಸ್ತರರು ಚಿತ್ರಕ್ಕೆ ಕೋಲು ಮುಟ್ಟಿಸಿ 'ಐ ಲೈಕ್ ಪಿಜ್ಜಾ' ಎನ್ನುತ್ತಾರೆ. ನಲವತ್ತು ಮಕ್ಕಳು ಒಂದೇ ಸ್ವರದಲ್ಲಿ 'ಐ ಲೈಕ್ ಪಿಜ್ಜಾ' ಎನ್ನುತ್ತವೆ. ಮಾಸ್ತರರು ಹಾಗಲಕಾಯಿಯ ಚಿತ್ರಕ್ಕೆ ಕೋಲು ಮುಟ್ಟಿಸಿ 'ಐ ಡೋಂಟ್ ಲೈಕ್' ಎನ್ನುತ್ತಾರೆ. ನಲವತ್ತು ಮಕ್ಕಳಿಗೂ ಹಾಗಲಕಾಯಿ ಒಮ್ಮೆಲೇ ಬೇಡವಾಗುತ್ತದೆ. ಈ ನಲವತ್ತರಲ್ಲಿ ಪಿಜ್ಜಾವನ್ನು ಕಣ್ಣಾರೆ ಕಂಡವರು ಎಷ್ಟು ಜನ, ಬಾಯಾರೆ ತಿಂದವರು ಎಷ್ಟು ಜನ? ಹಾಗಲಕಾಯಿಯ ಗೊಜ್ಜನ್ನು ಬೆರಳು ಚೀಪಿ ತಿನ್ನುವ ಹುಡುಗಿ ಆ ಗುಂಪಿನಲ್ಲಿ ಒಬ್ಬಳಾದರೂ ಇರಲಾರಳೇ? ಅವಳನ್ನು ಯಾರು ಕೇಳಿದರು?

ಇತಿಹಾಸದ ಪಾಠವನ್ನು ಗಿಳಿಯಂತೆ ಒಪ್ಪಿಸಿದರೆ ಮಗು ಕಲಿಯಲಿಲ್ಲವೆಂದು ಹೇಳಬಹುದು, ಅಷ್ಟೇ. ಆದರೆ 'ನನಗೆ ಇದು ಇಷ್ಟ' ಎಂಬ ಮಾತನ್ನು ಗಿಳಿಯಂತೆ ಒಪ್ಪಿಸಿದರೆ ಮಗು ಸುಳ್ಳು ಹೇಳಿದಂತಾಯಿತು. ಸೂರ್ಯನು ಪೂರ್ವದಲ್ಲಿ ಹುಟ್ಟುತ್ತಾನೆಂಬ ವಾಕ್ಯವು ಯಾರು ಹೇಳಿದರೂ ಒಂದೇ. 'ನನಗೆ ಸೇರುತ್ತದೆ' ಎಂಬ ವಾಕ್ಯ ಹಾಗಲ್ಲ. ಅದರ ಸತ್ಯಾಸತ್ಯತೆಗೆ ಹೇಳುವವನೇ ಸಾಕ್ಷಿ, ಬೇರೆ ಸಾಕ್ಷಿಯಿಲ್ಲ. ಪರಭಾಷೆಯಲ್ಲಿ ಮಗುವು ತನ್ನನ್ನು ಕುರಿತು ಆಡುವ ಮೊದಲನೆಯ ನಿಜವಾದ ಮಾತು ಇದೇ ಆಗಿರುವದು. ಹೆಸರು, ಊರು, ತಂದೆಯ ಹೆಸರು ಇವನ್ನು ಹಾಜರಿಯ ಪುಸ್ತಕವೂ ಹೇಳೀತು. ಮಗುವಿನ ರುಚಿಯನ್ನು ಮಗುವೇ ಹೇಳಬೇಕು. ಅಂಥ ಮೊದಲನೆಯ ಮಾತನ್ನೇ ಸುಳ್ಳಿನಿಂದ ಆರಂಭಿಸಿದರೆ, ಇಂಗ್ಲಿಷೆಂದರೆ ಮನಸ್ಸಿನಲ್ಲಿ ಇಲ್ಲದ್ದನ್ನು ಬಾಯಿಂದ ಆಡುವ ಭಾಷೆಯೆಂಬ ಸಂಸ್ಕಾರವು ಎಳೆಯ ಮನಸ್ಸಿನಲ್ಲಿ ಬೇರೂರದೆ ಇರಲಾರದು.

ಇನ್ನು ಭಾಷೆಯ ದೃಷ್ಟಿಯಿಂದಲೂ ಈ ಪಾಠವು ಹೊರಗೆ ಕಾಣುವಷ್ಟು ಸುಲಭವಾದದ್ದಲ್ಲ. 'ನನಗೆ ಮಾವಿನ ಹಣ್ಣು ಸೇರುತ್ತದೆ' ಎಂದು ನಾವು ಹೇಳುತ್ತೇವೆ. ಇಲ್ಲಿ ಕರ್ತೃವು ಮಾವಿನ ಹಣ್ಣು. ಕ್ರಿಯಾಪದವು ಅದನ್ನು ಅನುಸರಿಸುತ್ತದೆ. ತಿನ್ನುವವನು ಚತುರ್ಥೀ ವಿಭಕ್ತಿಯಲ್ಲಿ ಬದಿಗೆ ನಿಂತಿದ್ದಾನೆ. ರುಚಿಯು ತಾನಾಗಿ ಅವನ ಬಳಿಗೆ ಬರುತ್ತದೆ. ಸೇರುವದು, ಹಿಡಿಸುವದು, ರುಚಿಸುವದು, ಒಗ್ಗುವದು, ಬೇಕಾಗುವದು, ಸಾಕಾಗುವದು, ಹೀಗೆ ನಾಲಗೆಯ ವ್ಯವಹಾರವೆಲ್ಲ ಕನ್ನಡದಲ್ಲಿ 'ನನಗೆ' ಎಂಬುದರಿಂದಲೇ ನಡೆಯುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ 'ಐ' ಎಂದು ತಿನ್ನುವವನು ಮುಂದೆ ಬಂದು ನಿಲ್ಲುತ್ತಾನೆ. ಇಷ್ಟಪಡುವ ಕೆಲಸವನ್ನು ಅವನೇ ಮಾಡುತ್ತಾನೆ. ಮಾವಿನ ಹಣ್ಣು ಕರ್ಮವಾಗಿ ಹಿಂದೆ ಹೋಗುತ್ತದೆ. ಈ ಒಂದು ಪಲ್ಲಟವನ್ನು ಬಿಡಿಸಿ ಹೇಳದೆ ಇರುವದರಿಂದಲೇ ನಮ್ಮ ಮಕ್ಕಳು 'ಮೀ ಲೈಕ್' ಎಂದೋ 'ಐ ಆಮ್ ಲೈಕಿಂಗ್' ಎಂದೋ ತಡವರಿಸುತ್ತವೆ. ಮಾಸ್ತರರು ಕೆಂಪು ಮಸಿಯಲ್ಲಿ ಅಡ್ಡಗೀರು ಎಳೆಯುತ್ತಾರೆ.

ಹೀಗೆ ಗೀರೆಳೆಯುವವರು ತಿಳಿದಿರಬೇಕಾದ ಸಂಗತಿಯೊಂದುಂಟು. ಇಂಗ್ಲಿಷರ ಪೂರ್ವಿಕರೂ ಹಿಂದೆ ನಮ್ಮಂತೆಯೇ ಹೇಳುತ್ತಿದ್ದರು. ಪ್ರಾಚೀನ ಇಂಗ್ಲಿಷಿನಲ್ಲಿ 'ಲೈಕ್' ಎಂಬ ಧಾತುವಿಗೆ ಮೆಚ್ಚಿಗೆಯಾಗುವದು, ಹಿಡಿಸುವದು ಎಂಬ ಅರ್ಥವಿತ್ತು. ವಸ್ತುವೇ ಕರ್ತೃವಾಗಿ, ಮನುಷ್ಯನು ಚತುರ್ಥಿಯಲ್ಲಿ ನಿಲ್ಲುತ್ತಿದ್ದನು. ಷೇಕ್ಸ್‌ಪಿಯರನ ಕಾಲದ ವರೆಗೂ 'ಇಟ್ ಲೈಕ್ಸ್ ಮೀ' ಎಂಬ ಬಗೆಯ ಪ್ರಯೋಗ ಉಳಿದಿತ್ತು. ಆದುದರಿಂದ 'ಮೀ ಲೈಕ್' ಎಂದ ಹುಡುಗನು ದಡ್ಡನಲ್ಲ. ತನ್ನ ತಾಯಿನುಡಿಯ ನ್ಯಾಯವನ್ನು ಪರಭಾಷೆಗೆ ಹಚ್ಚಿದ್ದಾನೆ, ಆ ಪರಭಾಷೆಯೂ ಒಂದು ಕಾಲಕ್ಕೆ ಆ ನ್ಯಾಯವನ್ನು ಒಪ್ಪಿತ್ತು. ಅವನ ಬೆನ್ನು ತಟ್ಟಿ, 'ಈಗಿನ ಇಂಗ್ಲಿಷಿನಲ್ಲಿ ನೀನೇ ಮುಂದೆ ಬರಬೇಕಪ್ಪಾ' ಎಂದು ಕನ್ನಡದಲ್ಲಿ ಒಂದು ಮಾತು ಹೇಳಿದರೆ ಸಾಕು. ಇಂಗ್ಲಿಷ್ ತಾಸಿನಲ್ಲಿ ಕನ್ನಡದ ಶಬ್ದ ಕಿವಿಗೆ ಬೀಳಲೇಬಾರದೆಂಬ ಹಟವು ಮಗುವಿನ ಹಾದಿಯ ದೀಪವನ್ನು ನಾವೇ ಆರಿಸಿದಂತೆ.

ಇದರ ಜೊತೆಗೆ ಇನ್ನೂ ಕೆಲವು ತೊಡಕುಗಳಿವೆ. ನಮ್ಮ 'ಬೇಕು' ಎಂಬುದೊಂದೇ ಶಬ್ದವು ಇಂಗ್ಲಿಷಿನ ಹಲವು ಶಬ್ದಗಳ ಭಾರವನ್ನು ಹೊರುತ್ತದೆ. ಹೋಳಿಗೆಯೆಂದರೆ ಪ್ರಾಣವೆನ್ನುವ ಹುಡುಗನು ಹೊಟ್ಟೆ ತುಂಬಿದಾಗ ಅದನ್ನು ಬೇಡವೆನ್ನುತ್ತಾನೆ. ಅದು 'ಐ ಡೋಂಟ್ ಲೈಕ್' ಅಲ್ಲ, 'ಐ ಡೋಂಟ್ ವಾಂಟ್'. ಸದಾ ಸೇರುವದಕ್ಕೂ ಈಗ ಬೇಕೆನ್ನುವದಕ್ಕೂ ಇರುವ ಈ ಭೇದವನ್ನು ಚಿತ್ರ ತೋರಿಸಿ ಕಲಿಸಲಾಗದು. ಊಟದ ಪಂಕ್ತಿಯಲ್ಲಿ ಒಂದು ದಿನದಲ್ಲಿ ಕಲಿಸಬಹುದು. ಬಡಿಸುವವರಿಗೆ ಅಂಗೈ ಅಡ್ಡ ಮಾಡಿ 'ಸಾಕು' ಎಂದರೆ ನಮ್ಮಲ್ಲಿ ಅದು ಮರ್ಯಾದೆಯೇ. ಇಂಗ್ಲಿಷರಲ್ಲಿ ಬರಿಯ 'ನೋ' ಎಂದರೆ ಒರಟಾದೀತು, 'ನೋ, ಥ್ಯಾಂಕ್ ಯೂ' ಎನ್ನಬೇಕು. ವಚನದ ವಿಷಯವೂ ಹಾಗೆಯೇ. ಮಾವಿನ ಹಣ್ಣು ಇಷ್ಟವೆಂದು ನಾವು ಏಕವಚನದಲ್ಲಿ ಹೇಳಿದ್ದನ್ನು ಅವರು 'ಮ್ಯಾಂಗೋಸ್' ಎಂದು ಬಹುವಚನದಲ್ಲಿ ಹೇಳುತ್ತಾರೆ. 'ಐ ಲೈಕ್ ಚಿಕನ್' ಎಂದರೆ ಕೋಳಿಯ ಮಾಂಸ ಸೇರುತ್ತದೆಂದು ಅರ್ಥ. 'ಐ ಲೈಕ್ ಚಿಕನ್ಸ್' ಎಂದರೆ ಅಂಗಳದಲ್ಲಿ ಓಡಾಡುವ ಕೋಳಿಗಳ ಮೇಲೆ ಪ್ರೀತಿಯೆಂದು ಅರ್ಥ. ಒಂದು ಸಕಾರದಲ್ಲಿ ಕೋಳಿಯ ಜೀವ ಉಳಿಯುತ್ತದೆ! ಇಂಥ ವಿನೋದವನ್ನು ಮಕ್ಕಳು ಮರೆಯಲಾರವು.

ಪದಾರ್ಥಗಳ ಹೆಸರಿಗೆ ಬರೋಣ. ಹೊಲದಲ್ಲಿ ಭತ್ತ, ಚೀಲದಲ್ಲಿ ಅಕ್ಕಿ, ತಟ್ಟೆಯಲ್ಲಿ ಅನ್ನವೆಂದು ಮೂರು ಹೆಸರಿನಿಂದ ಕರೆದು ಬೆಳೆದ ಮಗುವಿಗೆ ಇಂಗ್ಲಿಷು ಅಕ್ಕಿಗೂ ಅನ್ನಕ್ಕೂ 'ರೈಸ್' ಎಂಬ ಒಂದೇ ಶಬ್ದವನ್ನು ಕೊಡುತ್ತದೆ. ಜೋಳದ ರೊಟ್ಟಿ, ಪುಂಡಿಯ ಪಲ್ಯ, ಝುಣಕ, ರಾಗಿಯ ಮುದ್ದೆ, ಕಡುಬು ಇವಕ್ಕೆ ಅದರಲ್ಲಿ ಹೆಸರೇ ಇಲ್ಲ. ಇಂಥಲ್ಲಿ ಮಾಸ್ತರರು ಏನು ಮಾಡತಕ್ಕದ್ದು? 'ಅದಕ್ಕೆ ಇಂಗ್ಲಿಷಿಲ್ಲ, ಬೇರೆ ಏನಾದರೂ ಹೇಳು' ಎಂದು ಮಗುವಿನ ಬಾಯಿಯಿಂದ ರೊಟ್ಟಿಯನ್ನು ಕಸಿದು ಬ್ರೆಡ್ಡನ್ನು ತುರುಕಬಾರದು. 'ಐ ಲೈಕ್ ಜೋಳದ ರೊಟ್ಟಿ' ಎಂಬುದು ಸರಿಯಾದ ಇಂಗ್ಲಿಷ್ ವಾಕ್ಯ. ಭಾಷೆಗಳು ಅನ್ನದ ಹೆಸರುಗಳನ್ನು ಹೀಗೆಯೇ ಪರಸ್ಪರ ಕೊಟ್ಟು ತೆಗೆದುಕೊಂಡಿವೆ. ಇಂಗ್ಲಿಷರ 'ಮ್ಯಾಂಗೋ' ನಮ್ಮ ದ್ರಾವಿಡ ನುಡಿಗಳಿಂದ ಪೋರ್ತುಗೀಜರ ಮುಖಾಂತರ ಹೋದ ಶಬ್ದ. ಹಲಸಿಗೆ ಅವರು ಹೇಳುವ 'ಜ್ಯಾಕ್' ಎಂಬುದು ಮಲೆಯಾಳದ ಚಕ್ಕ. 'ಚಟ್ನಿ'ಯೂ ನಮ್ಮ ದೇಶದ್ದೇ. ನಮ್ಮ ಬಟಾಟೆ, ಅನಾನಸುಗಳು ಅದೇ ಪೋರ್ತುಗೀಜರ ಹಡಗಿನಲ್ಲಿ ಇತ್ತ ಬಂದವು. ಚಟ್ನಿಯನ್ನು ಹೆಸರು ಸಹಿತ ನುಂಗಿದ ಭಾಷೆಗೆ ರೊಟ್ಟಿಯು ಭಾರವಾಗಲಾರದು.

ಮಗುವು ಇಂಗ್ಲಿಷಿನಲ್ಲಿ ಹೆಸರಿಸಲಾಗದ ತನ್ನ ಮನೆಯ ಊಟವನ್ನು ಕೀಳೆಂದು ಎಣಿಸಲು ಆರಂಭಿಸುವದು ಅತ್ಯಂತ ದೊಡ್ಡ ಕೇಡು. ದಿನವೂ ಪುಸ್ತಕದಲ್ಲಿ ಕಾಣುವದು ಸೇಬು, ಕೇಕು. ದಿನವೂ ಮನೆಯಲ್ಲಿ ಕಾಣುವದು ಮುದ್ದೆ, ರೊಟ್ಟಿ. ಪುಸ್ತಕವು ದೊಡ್ಡವರದು, ಮನೆಯು ಬಡವರದು ಎಂಬ ಲೆಕ್ಕವು ಎಂಟು ವರುಷದ ತಲೆಯಲ್ಲಿ ತಾನಾಗಿ ಆಗುತ್ತದೆ. ಹೀಗೆ ಬುತ್ತಿಯ ಮುಚ್ಚಳವನ್ನು ಅರ್ಧ ತೆರೆದು, ಕೈಯಿಂದ ಮರೆಮಾಡಿಕೊಂಡು ಉಣ್ಣುವ ಮಕ್ಕಳು ತಯಾರಾಗುತ್ತಾರೆ. ವಿಪರೀತವೆಂದರೆ, ಭಾರತದ ಸೂಚನೆಯ ಮೇರೆಗೆ ವಿಶ್ವಸಂಸ್ಥೆಯು ೨೦೨೩ನೆಯ ಇಸವಿಯನ್ನು ಸಿರಿಧಾನ್ಯಗಳ ಅಂತಾರಾಷ್ಟ್ರೀಯ ವರ್ಷವೆಂದು ಆಚರಿಸಿತು. ದೇಶದಲ್ಲಿ ಅತಿ ಹೆಚ್ಚು ರಾಗಿಯನ್ನು ಬೆಳೆಯುವ ನಾಡು ಕರ್ನಾಟಕವೇ. ಪಟ್ಟಣದ ಶ್ರೀಮಂತರು ವೈದ್ಯರ ಮಾತು ಕೇಳಿ ರಾಗಿಯ ಬಿಸ್ಕತ್ತನ್ನು ದುಬಾರಿ ಬೆಲೆಗೆ ಕೊಳ್ಳುತ್ತಿರುವಾಗ, ರಾಗಿ ಬೆಳೆದವನ ಮಗುವು 'ಐ ಲೈಕ್ ರಾಗಿ' ಎನ್ನಲು ನಾಚುವದಾದರೆ ಆ ನಾಚಿಕೆಯನ್ನು ಕಲಿಸಿದ್ದು ನಮ್ಮ ಪಾಠವಲ್ಲದೆ ಬೇರಾವದು? ರಾಜಕೀಯ ದಾಸ್ಯವು ೧೯೪೭ರಲ್ಲಿ ಕಳೆಯಿತು; ನಾಲಗೆಯ ದಾಸ್ಯವನ್ನು ನಾವೇ ಕಾಸು ಕೊಟ್ಟು ಕಲಿಸಬಾರದು.

ನಮ್ಮ ಈ ಮಾತಿಗೆ ಎರಡು ಆಕ್ಷೇಪಗಳು ಬರಬಹುದು. ಎರಡೂ ತಳ್ಳಿಹಾಕುವಂಥವಲ್ಲ. ಹಿರಿಯರು ಹೇಳಿಯಾರು: 'ಮಕ್ಕಳಿಗೆ ಇದು ಬೇಕು, ಅದು ಬೇಡ ಎನ್ನುವದನ್ನು ಕಲಿಸುವದೇ ತಪ್ಪು. ಅನ್ನವನ್ನು ನಿಂದಿಸಬಾರದೆಂದು ತೈತ್ತಿರೀಯ ಉಪನಿಷತ್ತೇ ವಿಧಿಸಿದೆ. ತಟ್ಟೆಗೆ ಬಿದ್ದದ್ದನ್ನು ಕಣ್ಣಿಗೊತ್ತಿಕೊಂಡು ಉಣ್ಣುವದು ನಮ್ಮ ಸಂಪ್ರದಾಯ. ಮೇಲಾಗಿ ಒಂದೇ ಹೊತ್ತು ಒಲೆ ಹೊತ್ತುವ ಮನೆಯಲ್ಲಿ ರುಚಿಯ ಆಯ್ಕೆ ಎಲ್ಲಿಂದ ಬರಬೇಕು?' ಅನ್ನದ ಮೇಲಿನ ಈ ಗೌರವವನ್ನು ನಾವೂ ತಲೆಬಾಗಿ ಒಪ್ಪುತ್ತೇವೆ. ಆದರೆ ತನಗೆ ಸೇರದೆಂದು ಹೇಳುವದು ಬೇರೆ, ಅನ್ನವನ್ನು ನಿಂದಿಸುವದು ಬೇರೆ. ಬಡವನ ಮಗುವಿಗೆ ಹಸಿವೆಯಿದೆ, ನಾಲಗೆಯಿಲ್ಲವೆಂದು ಯಾರೂ ತಿಳಿಯಬಾರದು. ಎರಡು ಪದಾರ್ಥಗಳಿಲ್ಲದ ಮನೆಯ ಮಗುವನ್ನೂ 'ನಿನಗೆ ಯಾವದು ಬೇಕಪ್ಪಾ?' ಎಂದು ಕೇಳುವ ಒಂದು ಸ್ಥಳವಾದರೂ ಲೋಕದಲ್ಲಿರಬೇಕು. ಆ ಸ್ಥಳವು ಶಾಲೆಯಾಗಿರಲಿ.

ಆಗಿಯೂ ಇದೆ. ಬೇಯಿಸಿದ ಊಟವನ್ನು ಶಾಲೆಯಲ್ಲಿ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೦೧ನೆಯ ನವೆಂಬರದಲ್ಲಿ ಆಜ್ಞೆ ಮಾಡಿದ ಬಳಿಕ, ಕರ್ನಾಟಕದಲ್ಲಿ ೨೦೦೨ರಲ್ಲಿ ಈಶಾನ್ಯದ ಜಿಲ್ಲೆಗಳಿಂದ ಅಕ್ಷರ ದಾಸೋಹವು ಆರಂಭವಾಯಿತು. ೨೦೧೩ರ ಆಗಸ್ಟದಿಂದ ಹಾಲು ಬಂತು. ೨೦೨೧ರ ಡಿಸೆಂಬರದಲ್ಲಿ ಬೀದರ, ಕಲಬುರಗಿ, ರಾಯಚೂರು, ಕೊಪ್ಪಳ ಮೊದಲಾದ ಜಿಲ್ಲೆಗಳ ಶಾಲೆಗಳಲ್ಲಿ ಕೋಳಿಯ ತತ್ತಿಯನ್ನೂ, ಅದನ್ನು ತಿನ್ನದವರಿಗೆ ಬಾಳೆಯ ಹಣ್ಣನ್ನೂ ಕೊಡಲಾರಂಭಿಸಿದರು. ಮುಂದೆ ಅದು ನಾಡಿನಾದ್ಯಂತ ಹಬ್ಬಿತು. ೨೦೨೪ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರದ ಆರೂ ದಿನ ಕೊಡುವ ಒಪ್ಪಂದವಾಯಿತು. ಆ ೨೦೨೧ರ ಗದ್ದಲವನ್ನು ವಾಚಕರು ಮರೆತಿರಲಾರರು. ಕೆಲವು ಮಠಾಧೀಶರು ತತ್ತಿ ಬೇಡವೆಂದರು, ಪ್ರಗತಿಪರರು ಬೇಕೆಂದರು, ಪತ್ರಿಕೆಗಳು ಅಂಕಣಗಳನ್ನು ತುಂಬಿದವು. ದೊಡ್ಡವರೆಲ್ಲ ಮಾತಾಡಿದ ಬಳಿಕ ಗಂಗಾವತಿಯ ವಿದ್ಯಾರ್ಥಿನಿಯರು ಎದ್ದು ನಿಂತು, ತಮಗೆ ತತ್ತಿ ಬೇಕೆಂದು ಅಚ್ಚ ಕನ್ನಡದಲ್ಲಿ, ಅಳುಕಿಲ್ಲದೆ ಹೇಳಿದರು. ನಾಡೆಲ್ಲ ಅದನ್ನು ಕೇಳಿತು. ತತ್ತಿಯ ಪಕ್ಷವನ್ನು ಯಾರೇ ಹಿಡಿಯಲಿ, ಬಿಡಲಿ. ಉಣ್ಣುವವರ ಬಾಯಿಯಿಂದ ಬಂದ ಆ ಮಾತಿಗೆ ಇದ್ದ ಶಕ್ತಿಯು ಉಳಿದ ಯಾರ ಮಾತಿಗೂ ಇರಲಿಲ್ಲವೆಂಬದನ್ನು ಅಲ್ಲಗಳೆಯಲಾಗದು.

ಹೀಗೆ ನಮ್ಮ ಶಾಲೆಗಳ ಪಡಸಾಲೆಯಲ್ಲಿ 'ತತ್ತಿಯೋ ಬಾಳೆಹಣ್ಣೋ' ಎಂಬ ನಿಜವಾದ ಪ್ರಶ್ನೆಯನ್ನು ಮಕ್ಕಳಿಗೆ ನಿಜವಾಗಿ ಕೇಳುತ್ತಾರೆ. ಮಗುವಿನ ಉತ್ತರದಂತೆ ಕೈಗೆ ಪದಾರ್ಥವೂ ಬರುತ್ತದೆ. ಅದೇ ಶಾಲೆಯ ಒಳಗಿನ ಕೋಣೆಯಲ್ಲಿ ಇಂಗ್ಲಿಷ್ ಮಾಸ್ತರರು ಕಾಣದ ಪಿಜ್ಜಾದ ಚಿತ್ರಕ್ಕೆ ಕೋಲು ಮುಟ್ಟಿಸುತ್ತಾರೆ! ಪಡಸಾಲೆಗೂ ಕೋಣೆಗೂ ನಡುವೆ ಇರುವದು ಒಂದು ಹೊಸ್ತಿಲು ಮಾತ್ರ. ಆ ಹೊಸ್ತಿಲನ್ನು ದಾಟಿಸುವದೇ ನಾವು ಕೇಳುವ ಸುಧಾರಣೆ.

ಎರಡನೆಯ ಆಕ್ಷೇಪವು ಇನ್ನೂ ಗಂಭೀರವಾದದ್ದು. ನಮ್ಮ ದೇಶದಲ್ಲಿ ಊಟದ ಮಾತು ಜಾತಿಯ ಮಾತು, ಮತದ ಮಾತು. ನಿನ್ನೆ ಮನೆಯಲ್ಲಿ ಏನು ಉಂಡೆಯೆಂದು ತರಗತಿಯಲ್ಲಿ ಕೇಳಿದರೆ ಒಬ್ಬನು ತುಪ್ಪವೆಂದಾನು, ಒಬ್ಬಳು ಮೀನೆಂದಾಳು, ಒಬ್ಬನು ಮಾಂಸವೆಂದಾನು, ಒಬ್ಬಳು ಏನೂ ಹೇಳದೆ ತಲೆ ತಗ್ಗಿಸಿಯಾಳು. ಪಕ್ಕದವನು 'ಛೀ' ಎಂದರೆ ಆ ಗಾಯವು ಬೇಗ ಮಾಯುವದಿಲ್ಲ. ಈ ಭಯದಿಂದಲೇ ಪುಸ್ತಕ ಬರೆಯುವವರು ಯಾರಿಗೂ ಸಂಬಂಧವಿಲ್ಲದ ಸೇಬು, ಕೇಕುಗಳ ಮೊರೆ ಹೊಗುತ್ತಾರೇನೋ. ಆದರೆ ಮರೆಮಾಚುವದರಿಂದ ಈ ರೋಗ ಹೋಗುವದಿಲ್ಲ. ಮನೆಯಲ್ಲಿ ಏನು ಉಂಡೆಯೆಂದು ಮಾಸ್ತರರು ಕೇಳಲೇಬಾರದು. ಅದು ಮನೆಯವರ ಗುಟ್ಟು. ನಿನಗೆ ಏನು ಸೇರುತ್ತದೆಯೆಂದು ಕೇಳಬಹುದು. ಹೇಳುವದೂ ಬಿಡುವದೂ ಮಗುವಿನ ಇಚ್ಛೆ. ಈ ಪಾಠದಲ್ಲಿಯೇ ಒಂದು ದೊಡ್ಡ ನೀತಿಯನ್ನು ಕಲಿಸಲು ಅವಕಾಶವಿದೆ. 'ಐ ಡೋಂಟ್ ಲೈಕ್ ಇಟ್' ಎಂಬುದು ನನ್ನನ್ನು ಕುರಿತ ಮಾತು. 'ಇಟ್ ಈಸ್ ಬ್ಯಾಡ್' ಎಂಬುದು ನಿನ್ನ ಅನ್ನವನ್ನು ಕುರಿತ ಮಾತು. ಮೊದಲನೆಯದಕ್ಕೆ ಪ್ರತಿಯೊಂದು ಮಗುವಿಗೂ ಹಕ್ಕಿದೆ. ಎರಡನೆಯದಕ್ಕೆ ಯಾರಿಗೂ ಹಕ್ಕಿಲ್ಲ. 'ನಾನು ತಿನ್ನುವದಿಲ್ಲ; ನೀನು ತಿನ್ನು' ಎಂದು ಒಂದೇ ಪಂಕ್ತಿಯಲ್ಲಿ ಕುಳಿತು ಹೇಳಬಲ್ಲ ಮಕ್ಕಳು ನಾಳೆ ಒಂದೇ ರಾಷ್ಟ್ರದಲ್ಲಿ ಕೂಡಿ ಬಾಳಬಲ್ಲರು. ಉಪನಿಷತ್ತಿನ ವಿಧಿಯೂ ಇಂಗ್ಲಿಷಿನ ವ್ಯಾಕರಣವೂ ಇಲ್ಲಿ ಒಂದೇ ಮಾತನ್ನು ಕಲಿಸುತ್ತವೆ.

ಕಲಿಸುವ ಕ್ರಮವನ್ನು ಹುಡುಕಿಕೊಂಡು ನಾವು ಹೊರದೇಶಕ್ಕೆ ಹೋಗಬೇಕಾಗಿಲ್ಲ. ೧೯೭೯ರಿಂದ ೧೯೮೪ರ ವರೆಗೆ ಎನ್. ಎಸ್. ಪ್ರಭು ಅವರು ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಹೊಸ ಪ್ರಯೋಗವೊಂದನ್ನು ನಡೆಸಿದರು. ಅದು ಲೋಕದಲ್ಲಿ 'ಬೆಂಗಳೂರು ಯೋಜನೆ' ಎಂದೇ ಹೆಸರಾಯಿತು. ೧೯೮೭ರಲ್ಲಿ ಅದನ್ನು ಕುರಿತು ಅವರು ಬರೆದ ಗ್ರಂಥವನ್ನು ಇಂದಿಗೂ ಅನೇಕ ದೇಶಗಳ ಶಿಕ್ಷಕರು ಓದುತ್ತಾರೆ. ಮನಸ್ಸು ಅರ್ಥದ ಕಡೆಗೆ ತೊಡಗಿದಾಗ ಭಾಷೆಯು ತಾನಾಗಿ ಬರುತ್ತದೆಂಬುದು ಅವರ ಮತ. ತರಗತಿಯ ಕೆಲಸಗಳನ್ನು ಅವರು ಮೂರು ಬಗೆ ಮಾಡಿದರು: ಒಬ್ಬನಿಗೆ ತಿಳಿದದ್ದನ್ನು ಇನ್ನೊಬ್ಬನಿಗೆ ತಿಳಿಸುವದು, ತಿಳಿದದ್ದರಿಂದ ತಿಳಿಯದ್ದನ್ನು ತರ್ಕಿಸುವದು, ತನ್ನ ಮೆಚ್ಚಿಕೆ, ಭಾವನೆ, ಅಭಿಪ್ರಾಯಗಳನ್ನು ಹೇಳುವದು. ಇವುಗಳಲ್ಲಿ ತರ್ಕದ ಕೆಲಸವೇ ಹೆಚ್ಚು ಫಲಕಾರಿಯಾಗಿ ಅವರಿಗೆ ಕಂಡಿತು. ಮೆಚ್ಚಿಕೆಯ ಕೆಲಸಕ್ಕೆ ಇದೇ ಸರಿಯಾದ ಉತ್ತರವೆಂಬ ಗೊತ್ತಿಲ್ಲದ್ದರಿಂದ ಹೊಸದಾಗಿ ಕಲಿಯುವವನಿಗೆ ಅದು ಹಿಡಿಯಿಲ್ಲದ ಹಗ್ಗದಂತಾಗುವ ಸಂಭವವುಂಟು. ಆದುದರಿಂದ ನಮ್ಮ ಅಭಿಪ್ರಾಯದಲ್ಲಿ ಈ ಮೂರನ್ನೂ ಒಂದೇ ಪಾಠದಲ್ಲಿ ಹೆಣೆಯತಕ್ಕದ್ದು.

ಅದು ಹೀಗೆ. ಮೊದಲನೆಯ ದಿನ ಮಾಸ್ತರರು ಊರಿನಲ್ಲಿ ಸಿಗುವ ನಾಲ್ಕೈದು ಪದಾರ್ಥಗಳನ್ನು, ಒಂದು ಬಾಳೆಹಣ್ಣು, ಒಂದು ಹಿಡಿ ಶೇಂಗಾ, ಒಂದು ಅಚ್ಚು ಬೆಲ್ಲ, ಒಂದು ಹಾಗಲಕಾಯಿ, ಒಂದು ಸೌತೆಕಾಯಿಯನ್ನು ಮೇಜಿನ ಮೇಲಿಡಲಿ. ಯಾರಿಗೆ ಏನು ಸೇರುತ್ತದೆಯೆಂದು ಕನ್ನಡದಲ್ಲಿಯೇ ಮಾತಾಗಲಿ, ನಗೆಯಾಗಲಿ. ಬಳಿಕ ಎರಡೇ ಎರಡು ಇಂಗ್ಲಿಷ್ ವಾಕ್ಯಗಳು ಬರಲಿ. ಬೆಲ್ಲ ಸೇರುವವರು ಬಲಗಡೆಗೆ, ಸೇರದವರು ಎಡಗಡೆಗೆ ನಡೆದು ನಿಂತು ತಮ್ಮ ವಾಕ್ಯವನ್ನು ತಾವೇ ಹೇಳಲಿ. ಒಂದೇ ಸ್ವರದಲ್ಲಿ ಕೂಗುವದು ಬೇಡ. ಎರಡನೆಯ ದಿನ ಪ್ರತಿಯೊಬ್ಬನೂ ಪಕ್ಕದ ಮೂವರನ್ನು 'ಡೂ ಯೂ ಲೈಕ್' ಎಂದು ಕೇಳಿ ಪಾಟಿಯ ಮೇಲೆ ಗುರುತು ಹಾಕಿಕೊಳ್ಳಲಿ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಕೇಳುವದರಿಂದ ಕಿವಿಯು ತೆರೆದಿರುತ್ತದೆ. ಮೂರನೆಯ ದಿನ 'ಷೀ ಲೈಕ್ಸ್' ಎಂಬ ಪ್ರಥಮಪುರುಷದ ಸಕಾರವನ್ನು ಗೆಳತಿಯ ರುಚಿಯನ್ನು ತಿಳಿಸುವಾಗಲೇ ಕಲಿಸಬೇಕು. ನಾಲ್ಕನೆಯ ದಿನ ಎಲ್ಲವನ್ನೂ ಕೂಡಿಸಿ ಹಲಗೆಯ ಮೇಲೆ ಲೆಕ್ಕ ಬರೆದು, ಈ ವಾರ ಎಷ್ಟು ತತ್ತಿ, ಎಷ್ಟು ಬಾಳೆಹಣ್ಣು ಬೇಕಾದೀತೆಂದು ಮಕ್ಕಳೇ ತರ್ಕಿಸಲಿ. ಐದನೆಯ ದಿನ ಆ ಲೆಕ್ಕವನ್ನು ಕನ್ನಡದಲ್ಲಿ ಬರೆದು ಅಡುಗೆಯ ಬಾಯಿಯವರ ಕೈಗೆ ಕೊಡಲಿ. ತಾವು ಆಡಿದ ಮಾತು ಒಲೆಯ ವರೆಗೆ ಹೋಯಿತೆಂದು ಕಂಡ ಮಕ್ಕಳು ಆ ವಾಕ್ಯಗಳನ್ನು ಜನ್ಮದಲ್ಲಿ ಮರೆಯಲಾರರು.

ಇದಕ್ಕೆ ಕೋಟಿಗಟ್ಟಲೆ ಹಣ ಬೇಡ, ಯಂತ್ರಗಳು ಬೇಡ. ವಿದ್ಯಾಧಿಕಾರಿಗಳು ಮಾಡಬೇಕಾದದ್ದು ಮೂರೇ ಕಾರ್ಯ. ಪಠ್ಯಪುಸ್ತಕದ ಆ ಪುಟದಲ್ಲಿ ಅರ್ಧವನ್ನು ಬರಿದಾಗಿ ಬಿಟ್ಟು, ತಮ್ಮ ಊರಿನ ಊಟವನ್ನು ಮಕ್ಕಳೇ ಬರೆದು ತುಂಬಲು ಅನುವು ಮಾಡಿಕೊಡಬೇಕು. ಬೀದರದ ಪುಟವೂ ಕಾರವಾರದ ಪುಟವೂ ಒಂದೇ ಆಗಬೇಕಾಗಿಲ್ಲ. ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡಲೆಂದು ಬೆಂಗಳೂರಿನಲ್ಲಿ ೧೯೬೩ರಿಂದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯಿದೆ. ಕನ್ನಡದ ವಾಕ್ಯಕ್ಕೂ ಇಂಗ್ಲಿಷಿನ ವಾಕ್ಯಕ್ಕೂ ಇರುವ ಭೇದವನ್ನು ಕನ್ನಡದ ಕಡೆಯಿಂದ ತಿಳಿಸುವದು ಅಂಥ ತರಬೇತಿಯ ಮುಖ್ಯ ಅಂಗವಾಗಬೇಕು. ಮೂರನೆಯದಾಗಿ, ಪರೀಕ್ಷಿಸಲು ಬಂದವರು 'ಐ ಲೈಕ್ ರೊಟ್ಟಿ' ಎಂದ ಮಗುವಿಗೆ ಅಂಕ ಕಡಿಮೆ ಮಾಡಬಾರದು. 'ನನಗೆ ಪಿಜ್ಜಾ ಗೊತ್ತಿಲ್ಲ' ಎಂದ ಮಗುವಿಗೆ ಸತ್ಯಕ್ಕಾಗಿ ಒಂದು ಅಂಕ ಹೆಚ್ಚೇ ಕೊಡಬೇಕು.

ಹಡಗಿನ ಕೋಣೆಯಲ್ಲಿ ಹಸಿದು ಕುಳಿತ ತರುಣನ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೇವೆ. ಲಂಡನ್ನಿನಲ್ಲಿ ಆತನು ಶಾಕಾಹಾರಿಗಳ ಸಂಘವನ್ನು ಸೇರಿದನು; ತನ್ನ ಆಹಾರವನ್ನು ಕುರಿತು ಓದಿದನು, ವಿಚಾರಿಸಿದನು, ಮಾತಾಡಲು ಕಲಿತನು. ೧೮೯೧ನೆಯ ಇಸವಿಯಲ್ಲಿ, ಇಪ್ಪತ್ತೊಂದು ವರುಷದವನಿದ್ದಾಗ, ಅಲ್ಲಿಯ 'ದಿ ವೆಜಿಟೇರಿಯನ್' ಎಂಬ ಪತ್ರಿಕೆಯಲ್ಲಿ ಲೇಖನಮಾಲೆಯೊಂದನ್ನು ಬರೆದನು. ಅದರ ವಿಷಯವು ಭಾರತೀಯರು ಏನು ಉಣ್ಣುತ್ತಾರೆ, ಹೇಗೆ ಉಣ್ಣುತ್ತಾರೆ ಎಂಬದು. ಮುಂದೆ ಸಾಮ್ರಾಜ್ಯವನ್ನೇ ನಡುಗಿಸಿದ ಆ ಲೇಖನಿಯು ಇಂಗ್ಲಿಷ್ ಪತ್ರಿಕೆಗೆ ಮೊದಲು ಬರೆದದ್ದು ತನ್ನ ಜನರ ತಟ್ಟೆಯನ್ನು ಕುರಿತು! ಮೂರು ವರುಷಗಳ ಹಿಂದೆ ಕೇಳಲಾರದೆ ಹೋದದ್ದನ್ನು ಆತನು ಆಗ ಲೋಕಕ್ಕೆ ಹೇಳಿದನು. ಪರಭಾಷೆಯಲ್ಲಿ 'ಇದು ನನಗೆ ಬೇಡ' ಎಂದು ಮರ್ಯಾದೆಯಿಂದ, ಅಳುಕಿಲ್ಲದೆ ಹೇಳಲು ಕಲಿತ ಮನುಷ್ಯನೇ ಮುಂದೆ ಒಂದು ಸರಕಾರಕ್ಕೆ 'ನೀನು ನಮಗೆ ಬೇಡ' ಎಂದು ಅದರ ಭಾಷೆಯಲ್ಲಿಯೇ ಹೇಳಿದನು.

ನಮ್ಮ ಹಳ್ಳಿಯ ಮಕ್ಕಳು ನಾಳೆ ಪಟ್ಟಣಕ್ಕೆ, ಪರನಾಡಿಗೆ, ಪರದೇಶಕ್ಕೆ ಹೋಗತಕ್ಕವರು. ಅಪರಿಚಿತರ ಮೇಜಿನ ಮುಂದೆ ಕುಳಿತಾಗ ಅವರು ಹಸಿದು ಏಳಬಾರದು. ನಾಚಿ ಬೇಡದ್ದನ್ನು ನುಂಗಬಾರದು. ತಮ್ಮ ತಾಯಿ ತಟ್ಟಿದ ರೊಟ್ಟಿಯ ಹೆಸರನ್ನು ಮರೆಮಾಡಬಾರದು. ಇಂಗ್ಲಿಷಿನಿಂದ ನಾವು ಕೇಳುವದು ಇಷ್ಟೇ. ಇದನ್ನು ಕೊಡಲಾರದ ಇಂಗ್ಲಿಷ್ ಪಾಠವು, ಅದಕ್ಕೆ ಎಷ್ಟು ಅಂಕಗಳು ಬಂದರೂ, ನಮ್ಮ ಮಕ್ಕಳ ಹೊಟ್ಟೆಯನ್ನೂ ತುಂಬದು, ಮನಸ್ಸನ್ನೂ ತುಂಬದು.